ನೋಡಲಿಕ್ಕೆ ತಂದ ಸೀರೆ

ಆ ಸೀರೆ ಉಟ್ಟವಳು ನಾನು. ಮೆಹರುನ್ನಿಸಾ ಅಲ್ಲ. ಅದರ ಮೇಲೆ ಮಿರ್ಚಿ ಭಜಿಯ ಎಣ್ಣೆ ಬೀಳಿಸಿದವಳೂ ನಾನೇ, ಕಲೆ ಕಾಣದ ಹಾಗೆ ಒಳಗೆ ಮಡಚಿ ಅಂಗಡಿಗೆ ವಾಪಸು ಕಳಿಸಿದವಳೂ ನಾನೇ. ಇಪ್ಪತ್ತೆರಡು ವರ್ಷದಿಂದ ಶಹಾಬಾದಿನ ಬಜಾರದಲ್ಲಿ ಈ ತಪ್ಪು ಮೆಹರುವಿನ ಹೆಸರಿನಲ್ಲಿದೆ. ಅವಳು ಒಂದು ದಿನವೂ ಅದು ನನ್ನದಲ್ಲ ಅನ್ನಲಿಲ್ಲ.

ಬರೆದಾಯಿತು. ಇಷ್ಟು ಬರೆಯಲು ನಾಲ್ಕು ಹಾಳೆ ಹರಿದಿದ್ದೇನೆ — ಪ್ರತಿ ಹಾಳೆಯಲ್ಲೂ ನನ್ನನ್ನು ಸ್ವಲ್ಪ ಒಳ್ಳೆಯವಳನ್ನಾಗಿ ಮಾಡಿಕೊಳ್ಳುತ್ತಿದ್ದೆ. ಇನ್ನು ಹರಿಯುವುದಿಲ್ಲ.

ಆಗ ನಮ್ಮ ರಾಜ್ಯಕ್ಕೆ ಮೈಸೂರು ಅಂತಲೇ ಹೆಸರು. ನಮಗಿಬ್ಬರಿಗೂ ಹದಿನೈದು ವರ್ಷ. ಒಂದೇ ತರಗತಿ, ಒಂದೇ ಬೆಂಚು. ನನ್ನ ಅಪ್ಪ ಊರಿನ ಶಾಲೆಯೊಂದರ ಹೆಡ್‌ಮಾಸ್ತರರು, ಅವಳ ಅಪ್ಪ ಗಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆಯುವವರು. ಶಾಲೆ ಬಿಟ್ಟರೆ ನಮ್ಮ ಕಾಲು ಮನೆಯ ಕಡೆ ತಿರುಗುತ್ತಿರಲಿಲ್ಲ. ಐದಾರು ಹುಡುಗಿಯರ ಗುಂಪು ಕಟ್ಟಿಕೊಂಡು ಬಜಾರಕ್ಕೆ ನುಗ್ಗುವುದು. ಬಳೆ ಅಂಗಡಿಯಲ್ಲಿ ಕೈತುಂಬ ಬಳೆ ಏರಿಸಿಕೊಂಡು, ಬಣ್ಣ ಚಲೋ ಇಲ್ಲ ಅಂತ ಇಳಿಸಿ ಬರುವುದು. ಬಟ್ಟೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ, ‘ಅವ್ವನ್ನ ಕರಕೊಂಡು ಬರತೀವ್ರಿ’ ಅಂತ ಎದ್ದುಬಿಡುವುದು. ಮೂಲೆ ತಿರುಗಿದ ಕೂಡಲೇ ಹೊಟ್ಟೆ ಹಿಡಿದುಕೊಂಡು ನಗುವುದು. ಎಲ್ಲದಕ್ಕೂ ಮುಂದಾಳು ನಾನು. ಹೆಡ್‌ಮಾಸ್ತರರ ಮಗಳನ್ನು ಗದರಿಸುವ ಧೈರ್ಯ ಯಾವ ಅಂಗಡಿಯವನಿಗೂ ಇರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಬಜಾರಕ್ಕೆ ಬಾರದ ಹೆಣ್ಣುಮಕ್ಕಳಿಗೆ ಬಟ್ಟೆ ಅಂಗಡಿಯವರು ಎಂಟು ಹತ್ತು ಸೀರೆ ಗಂಟು ಕಟ್ಟಿ ಮನೆಗೆ ಕಳಿಸುತ್ತಿದ್ದರು — ನೋಡಲಿಕ್ಕೆ. ಮನೆಯಲ್ಲಿ ಬಿಚ್ಚಿ, ನೋಡಿ, ಪಸಂದ್ ಆದದ್ದು ಇಟ್ಟುಕೊಂಡು ಉಳಿದದ್ದನ್ನು ಹಾಗೇ ಮಡಚಿ ಕಳಿಸಬೇಕು. ಯಾರೂ ಚೀಟಿ ಬರೆಯುತ್ತಿರಲಿಲ್ಲ, ಮನೆಯ ಹೆಸರು ಹೇಳಿದರೆ ಸಾಕು. ಮೆಹರುವಿನ ಓಣಿಯ ಅಷ್ಟೂ ಹೆಣ್ಣುಮಕ್ಕಳು ತಮ್ಮ ಮೈಮೇಲಿನ ಬಟ್ಟೆಯ ಬಣ್ಣ ತಾವೇ ಆರಿಸಿಕೊಳ್ಳಲು ಇದೊಂದೇ ದಾರಿ. ಇಲ್ಲವಾದರೆ ಗಂಡಸರು ತಂದದ್ದನ್ನು ಉಡಬೇಕು.

ಮೆಹರುವಿನ ತಾಯಿ ಜೈಬುನ್ನಿಸಾ — ನಾನು ಜೈಬುನ್ ಖಾಲಾ ಅನ್ನುತ್ತಿದ್ದೆ — ಬುರ್ಖಾ ಹಾಕಿಕೊಂಡು ದವಾಖಾನೆಗೆ ಹೋಗಿದ್ದುಂಟು, ಬಜಾರಕ್ಕೆ ಕಾಲಿಟ್ಟವರೇ ಅಲ್ಲ. ಅವರ ಹೆಸರನ್ನೇ ನಾನು ಬಳಸಿಕೊಂಡೆ. ಸಿದ್ರಾಮಪ್ಪ ಸಾವಕಾರರ ಅಂಗಡಿಯಲ್ಲಿ ಆಕಾಶಬಣ್ಣದ ಜಾರ್ಜೆಟ್ ಸೀರೆಯೊಂದು ತೂಗುಹಾಕಿದ್ದರು. ಅದನ್ನು ಉಟ್ಟು ಒಂದು ಫೋಟೋ ತೆಗೆಸಿಕೊಳ್ಳಬೇಕು, ಅಷ್ಟೇ ನನ್ನ ಆಸೆ. ‘ಅಮ್ಮೀಗೆ ನೋಡಲಿಕ್ಕೆ ಬೇಕಂತ ಹೇಳಿ, ಆ ಸೀರಿ ಹಾಕಿಸಿ ಗಂಟು ತಗೊಂಡು ಬಾ’ ಅಂತ ಮೆಹರುವನ್ನು ಒಳಗೆ ಕಳಿಸಿ, ನಾನು ಎದುರಿನ ಬಳೆ ಅಂಗಡಿಯ ಹತ್ತಿರ ನಿಂತೆ.

‘ಬ್ಯಾಡ ಶಾಂತಾ, ಅಮ್ಮೀ ಹೆಸರು ಅದ ಇದರಾಗ’ ಅಂದಿದ್ದಳು ಮೆಹರು. ಒಂದು ಸಲ ಅಲ್ಲ, ಎರಡು ಸಲ ಅಂದಿದ್ದಳು.

ಸ್ಟುಡಿಯೋದಲ್ಲಿ ಕೊಳ, ಈಚಲು ಮರ ಬರೆದ ಪರದೆ. ಅದರ ಮುಂದೆ ನಾನು ಸೆರಗು ಬಿಟ್ಟುಕೊಂಡು ನಿಂತೆ. ಮೆಹರು ಫೋಟೋಕ್ಕೆ ನಿಲ್ಲಲಿಲ್ಲ, ನನ್ನ ನಿರಿಗೆ ಸರಿಮಾಡಿ ಪಕ್ಕಕ್ಕೆ ಸರಿದಳು. ಆಮೇಲಾದರೂ ಸೀರೆ ಬಿಚ್ಚಬೇಕೋ ಇಲ್ಲವೋ — ಉಟ್ಟುಕೊಂಡೇ ಸ್ಟೇಷನ್ ರಸ್ತೆಯವರೆಗೆ ಹೋಗಿ ಬಿಸಿ ಮಿರ್ಚಿ ತಿಂದೆ. ಸೆರಗಿನ ಹತ್ತಿರ ಅಂಗೈ ಅಗಲ ಎಣ್ಣೆ ಬಿತ್ತು. ಅವಳ ಮನೆಯ ಹಿಂದೆ ಸಾಬೂನು ಹಚ್ಚಿ ಉಜ್ಜಿದೆವು. ಎಣ್ಣೆ ಹೋಯಿತು, ಅರಿಶಿನದ ಹಳದಿ ಉಳಿಯಿತು.

‘ಸಾವಕಾರ್ರಿಗೆ ಹೇಳಿಬಿಡೋಣ’ ಅಂದಳು.

‘ಒಳಗ ಮಡಚಿದ್ರ ಯಾರಿಗಿ ಗೊತ್ತಾಗ್ತದ?’ ಅಂದೆ ನಾನು. ಮಡಚಿಯೂ ಕೊಟ್ಟೆ. ಹೊಸ ಸೀರೆಗಿಂತ ಅಚ್ಚುಕಟ್ಟಾಗಿ ಮಡಚಿದ್ದೆ ಅಂತ ನೆನಪು.

ಹತ್ತು ದಿನದ ಮೇಲೆ ನಾಲವಾರದಿಂದ ಮದುವೆಯ ಜವಳಿಗೆ ಬಂದ ಬೀಗರ ಮುಂದೆ ಸಾವಕಾರರು ಅದೇ ಸೀರೆ ಹರಡಿದರು. ಹೆಣ್ಣಿನ ತಾಯಿ ಕಲೆ ನೋಡಿದಳು, ಮೂಸಿಯೂ ನೋಡಿದಳು. ಮದುಮಗಳಿಗೆ ಇನ್ನೊಬ್ಬರು ಉಟ್ಟು ಬಿಟ್ಟ ಸೀರೆ ತೋರಿಸುತ್ತೀಯಾ ಅಂತ ಬಜಾರಕ್ಕೆ ಕೇಳುವಂತೆ ಕೂಗಿ, ಆರಿಸಿದ ಜವಳಿಯನ್ನೆಲ್ಲ ಅಲ್ಲೇ ಬಿಟ್ಟು ಎಲ್ಲರೂ ಎದ್ದುಹೋದರು. ಹೆಣ್ಣಿಗೆ ಇದು ಅಪಶಕುನ ಅಂತ ಆ ತಾಯಿ ಮೆಟ್ಟಿಲ ಮೇಲೆ ಅತ್ತಳಂತೆ. ಸಾವಕಾರರು ಗಂಟು ಎಲ್ಲೆಲ್ಲಿ ಹೋಗಿತ್ತು ಅಂತ ನೆನಪು ಮಾಡಿಕೊಂಡರು. ಸಿಟ್ಟಿನಲ್ಲಿ ಮೆಹರುವಿನ ಇಡೀ ಓಣಿಗೆ ಗಂಟು ಕಳಿಸುವುದನ್ನೇ ನಿಲ್ಲಿಸಿಬಿಟ್ಟರು.

ಅಂಗಡಿಯ ಆಳು ಕೇಳಲು ಹೋದಾಗ ಜೈಬುನ್ ಖಾಲಾ ‘ನಾನು ಗಂಟು ತರಿಸಿಯೇ ಇಲ್ಲ’ ಅಂದು ಬಾಗಿಲು ಹಾಕಬಹುದಿತ್ತು. ಅದು ಸತ್ಯವೂ ಆಗಿತ್ತು. ಹಾಗೆ ಮಾಡದೆ, ‘ನಾನೇ ಬಂದು ಹೇಳತೀನಿ’ ಅಂತ ಆಳನ್ನು ಕಳಿಸಿ ಮಗಳನ್ನು ಕೂರಿಸಿಕೊಂಡು ಕೇಳಿದರಂತೆ. ಮೆಹರು ಎಲ್ಲ ಹೇಳಿದಳು — ನನ್ನ ಹೆಸರೊಂದನ್ನು ಬಿಟ್ಟು.

ಮರುದಿನ ನಾನು ಅದೇ ಅಂಗಡಿಯ ಗಾದಿಯ ಮೇಲೆ ಅಪ್ಪನ ಪಕ್ಕ ಕುಳಿತಿದ್ದೆ. ನಾಗರಪಂಚಮಿ ಹತ್ತಿರ ಬಂದಿತ್ತು, ನನಗೆ ಲಂಗದ ಬಟ್ಟೆ ತೆಗೆಸಲು ಅಪ್ಪ ಕರೆತಂದಿದ್ದರು. ಅಂಗಡಿ ತುಂಬ ಗಿರಾಕಿ. ಆಗ ಫರಸಿ ಮೆಟ್ಟಿಲ ಕೆಳಗೆ ಒಂದು ಕಪ್ಪು ಬುರ್ಖಾ ಬಂದು ನಿಂತಿತು, ಅದರ ಕೈಯಲ್ಲಿ ಮೆಹರುವಿನ ಕೈ. ಬಜಾರವನ್ನೇ ಕಾಣದ ಹೆಣ್ಣುಮಗಳು ದಾರಿ ಕೇಳಿಕೊಂಡು ಬಂದಿದ್ದರು.

ಸಾವಕಾರರು ಗಡಬಡಿಸಿ ಎದ್ದರು. ‘ಮಧ್ಯಾಹ್ನ ಬರ್ರಿ ತಾಯಿ, ಈಗ ಗಿರಾಕಿ ಭಾಳ ಅದ.’

‘ಅದಕ್ಕೇ ಈಗ ಬಂದೀನ್ರಿ’ ಅಂದರು ಖಾಲಾ. ‘ನಿಮ್ಮ ಮಾನ ಅಂಗಡಿ ತುಂಬಿದಾಗ ಹೋಗ್ಯಾದ. ಗಲತಿ ನಮ್ದು ಅಂತ ಹೇಳೋದೂ ಅಂಗಡಿ ತುಂಬಿದಾಗೇ ಹೇಳಬೇಕು. ನನ್ನ ಮಗಳು ಸುಳ್ಳು ಹೇಳಿ ಸೀರಿ ಒಯ್ದಾಳ, ಖರಾಬ್ ಮಾಡ್ಯಾಳ. ಆಕಿ ಬಜಾರದಾಗ ಏನು ಮಾಡ್ತಾಳ ಅಂತ ನಾ ಕೇಳಬೇಕಿತ್ತು, ಕೇಳಿಲ್ಲ. ಅದು ನನ್ನ ಗಲತಿ. ನನ್ನ ಮನಿಗಿ ಗಂಟು ಕಳಸಬ್ಯಾಡ್ರಿ. ಓಣಿಗಿ ನಿಲ್ಲಸಬ್ಯಾಡ್ರಿ.’

ಮೆಹರು ತಲೆ ಎತ್ತಿ, ‘ತಪ್ಪಾಯ್ತ್ರಿ’ ಅಂದಳು. ಸಾವಕಾರರು ಅವಳನ್ನು ಕೇಳಿದರು, ‘ನಿನ್ನ ಜೋಡಿ ಇನ್ನೊಬ್ಬಾಕಿ ಇದ್ದಳಂತಲ್ಲ? ಮಂದಿ ನೋಡ್ಯಾರ.’ ಕೇಳಿದ್ದು ಅವಳನ್ನು, ನೋಡುತ್ತಿದ್ದುದು ನನ್ನನ್ನು.

‘ನಾ ಒಬ್ಬಾಕೀನೇ ರೀ.’

ಅಪ್ಪ ಸಾವಕಾರರ ನೋಟ ಹಿಡಿದು ನನ್ನ ಕಡೆ ತಿರುಗಿದರು. ‘ಈ ಹುಡುಗಿ ನಿನಗ ಗೊತ್ತೇನು?’

ನನ್ನ ನಾಲಿಗೆ ಒಣಗಿತ್ತು, ಆದರೂ ಸುಳ್ಳಿಗೆ ಬೇಕಾದಷ್ಟು ಪಸೆ ಉಳಿದಿತ್ತು. ‘ಕ್ಲಾಸಿನಾಕಿ, ಅಷ್ಟ’ ಅಂದೆ.

ಮೆಹರು ಕೇಳಿಸಿಕೊಂಡಳು. ಸಾವಕಾರರು ತಲೆ ಕೆಳಗೆ ಹಾಕಿದರು — ಅವರಿಗೆ ಗೊತ್ತಿತ್ತು, ಹೆಡ್‌ಮಾಸ್ತರರ ಎದುರು ಹೇಳಲಾಗಲಿಲ್ಲ. ‘ನನ್ನ ಮಗಳು ಇಂಥಾವರ ಜೋಡಿ ಅಡ್ಡಾಡೋಳಲ್ಲ’ ಅಂದರು ಅಪ್ಪ, ಎಲ್ಲರಿಗೂ ಕೇಳುವ ಹಾಗೆ. ನನ್ನ ಲಂಗದ ಬಟ್ಟೆ ಹರಿದು ಕಟ್ಟಿಕೊಟ್ಟರು. ಅದು ಯಾವ ಬಣ್ಣದ್ದು ಅಂತ ಇವತ್ತಿಗೂ ನೆನಪಾಗುವುದಿಲ್ಲ, ಅವಳು ಅವತ್ತು ಹಾಕಿದ್ದ ಕಂದು ಓಢಣಿಯ ಹರಿದ ಅಂಚು ಮಾತ್ರ ನೆನಪಿದೆ.

ಖಾಲಾ ಅಷ್ಟಕ್ಕೇ ಬಿಡಲಿಲ್ಲ. ಮೆಹರು ಒಂದು ತಿಂಗಳು ದಿನಾ ಸಂಜೆ ಶಾಲೆ ಬಿಟ್ಟ ಕೂಡಲೇ ಅಂಗಡಿಗೆ ಬಂದು, ಗಿರಾಕಿಗಳು ಬಿಚ್ಚಿಸಿ ಹಾಕಿದ ಸೀರೆ ಮಡಚಬೇಕು ಅಂತ ತಾವೇ ಗೊತ್ತುಮಾಡಿದರು. ಸಾವಕಾರರು ಬೇಡವೆಂದರೂ ಕೇಳಲಿಲ್ಲ. ‘ಆಕಿ ಒಳಗ ಮಡಚಲಿ. ನಾ ಕಟ್ಟಿ ಮ್ಯಾಲ ಕುಂತಿರತೀನಿ’ ಅಂದರು. ಕುಳಿತೂ ಕುಳಿತರು — ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಬಜಾರದ ಮಂದಿ ತಿರುತಿರುಗಿ ನೋಡುತ್ತಿದ್ದರೂ, ದಿನಾ ಆ ಹೊತ್ತಿಗೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ. ಮಗಳಿಗೆ ಶಿಕ್ಷೆ ಕೊಟ್ಟು ಮನೆಯಲ್ಲಿ ಕುಳಿತ ತಾಯಿ ಅಲ್ಲ. ಅಂಥ ತಾಯಿಯನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ. ನಾನೂ ಅಂಥ ತಾಯಿ ಆಗಲಿಲ್ಲ.

ನಾನು ಎದುರಿನ ಬದಿಯಿಂದ ತಲೆ ತಗ್ಗಿಸಿಕೊಂಡು ದಾಟುತ್ತಿದ್ದೆ. ಕೊನೆಯ ವಾರ ಒಂದು ಸಂಜೆ ಖಾಲಾ ಕೈಮಾಡಿ ಕರೆದರು. ಬುರ್ಖಾದೊಳಗಿನಿಂದ ಒಂದು ಫೋಟೋ ತೆಗೆದು ನನ್ನ ಕೈಗಿಟ್ಟರು. ಕೊಳ, ಈಚಲು ಮರ, ಆ ಸೀರೆಯಲ್ಲಿ ನಾನು. ಎರಡು ಪ್ರತಿ ತೆಗೆಸಿ ಒಂದನ್ನು ನಾನೇ ಮೆಹರುವಿಗೆ ಕೊಟ್ಟಿದ್ದೆ.

‘ಆಕಿ ನಿನ್ನ ಹೆಸರು ಹೇಳಿಲ್ಲ ಬೇಟಿ. ಪುಸ್ತಕದಾಗ ಸಿಕ್ತು. ನಿಮ್ಮ ಅಬ್ಬಾಗ ತೋರಸಬಹುದು. ತೋರಸಂಗಿಲ್ಲ. ಹೇಳೋದು ನಿನ್ನ ಕೆಲಸ. ನಾ ಮೆಹರೂನ ತಾಯಿ, ನಿನ್ನ ತಾಯಿ ಅಲ್ಲ.’

ಬೈಯಲಿಲ್ಲ. ಬೈದಿದ್ದರೆ ನನಗೂ ಒಂದಿಷ್ಟು ಸಿಟ್ಟು ಬಂದು ಹಗುರವಾಗುತ್ತಿತ್ತೇನೋ. ಮನೆಗೆ ಹೋಗಿ ನನ್ನ ಪ್ರತಿಯನ್ನು ಹರಿದು ಒಲೆಗೆ ಹಾಕಿದೆ. ಖಾಲಾ ಕೊಟ್ಟದ್ದನ್ನು ಮಾತ್ರ ಹರಿಯಲಾಗಲಿಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಕಾಗದದ ಕೆಳಗೆ ಇಟ್ಟೆ.

ತಿಂಗಳು ಮುಗಿದ ಮೇಲೆ ಸಾವಕಾರರು ಓಣಿಗೆ ಮತ್ತೆ ಗಂಟು ಕಳಿಸತೊಡಗಿದರು. ಒಂದೇ ಷರತ್ತು: ಗಂಟು ಒಯ್ಯುವವಳು, ತರುವವಳು ಮೆಹರುನ್ನಿಸಾ. ಇವತ್ತಿಗೂ ಅವಳದು ಅದೇ ಕೆಲಸ. ಶಹಾಬಾದಿನ ಹತ್ತು ಓಣಿಯ ಹೆಣ್ಣುಮಕ್ಕಳು ಅವಳ ದಾರಿ ಕಾಯುತ್ತಾರೆ. ಯಾರ ಮನೆಯಲ್ಲಿ ಯಾವ ಬಣ್ಣ ಒಗ್ಗುತ್ತದೆ ಎಂಬುದು ಅವಳಿಗೆ ಬಾಯಿಪಾಠ. ನನ್ನಿಂದಾದ ಹಾನಿಯಿಂದ ಅವಳಿಗೆ ಒಳ್ಳೆಯದಾಯಿತು ಅಂತ ಹಲವು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಎಂಥ ನಾಚಿಕೆಗೆಟ್ಟ ಸಮಾಧಾನ. ಒಳ್ಳೆಯದು ಮಾಡಿಕೊಂಡವಳು ಅವಳು, ಮಾಡಿಸಿದವರು ಅವಳ ತಾಯಿ. ಆ ತಾಯಿ ತೀರಿಕೊಂಡು ನಾಲ್ಕು ವರ್ಷವಾಯಿತು. ಸುದ್ದಿ ಗೊತ್ತಾದರೂ ನಾನು ಸೇಡಂನ ನನ್ನ ಮನೆಯಿಂದ ಹೊರಡಲಿಲ್ಲ.

ಈ ಸಲ ಪಂಚಮಿಗೆ ಮಗಳು ಸುಮಾಳನ್ನು ಕರೆದುಕೊಂಡು ತವರಿಗೆ ಬಂದಿದ್ದೇನೆ. ಅವಳಿಗೂ ಹದಿನೈದು. ನಿನ್ನೆ ಮೆಹರು ನನ್ನ ತಮ್ಮನ ಹೆಂಡತಿಗೆ ತೋರಿಸಲು ಗಂಟು ತಂದಳು. ಸುಮಾ ಉಂಡಿ ತಿನ್ನುತ್ತಿದ್ದವಳು ಓಡಿ ಬಂದು, ತುಪ್ಪದ ಕೈಯಲ್ಲೇ ಒಂದು ಸೀರೆ ಹೆಗಲಿಗೆ ಎಳೆದುಕೊಳ್ಳಲು ಹೋದಳು. ಮೆಹರು ಅವಳ ಮಣಿಕಟ್ಟು ಹಿಡಿದು, ‘ಮೊದಲ ಕೈ ತೊಳಕೊಂಡು ಬಾ ಬೇಟಿ, ಆಮ್ಯಾಲ ಎಷ್ಟು ಬೇಕಾದ್ರೂ ನೋಡು’ ಅಂದಳು ನಗುತ್ತಾ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೇ? ಗೊತ್ತಿಲ್ಲ...

ಅವಳು ಹೋದ ಮೇಲೆ ಅಪ್ಪ ಮೊಮ್ಮಗಳನ್ನು ಹತ್ತಿರ ಕೂರಿಸಿಕೊಂಡು ಬುದ್ಧಿ ಹೇಳಿದರು. ‘ಆಕಿ ಹುಡುಗಿ ಇದ್ದಾಗ ಬಜಾರದಾಗ ಒಂದು ಕೆಟ್ಟ ಕೆಲಸ ಮಾಡಿದ್ದಳು. ತಾಯಿ ತಿದ್ದಿದಳು, ಈಗ ನೋಡು ಎಂಥಾ ಹೆಣ್ಣುಮಗಳಾಗ್ಯಾಳ. ನಿಮ್ಮವ್ವ ಮಾತ್ರ ಅಂಥಾ ಗುಂಪಿಗಿ ಎಂದೂ ಸೇರಿದಾಕಿ ಅಲ್ಲ.’ ಸುಮಾ ನನ್ನನ್ನು ಮೆಚ್ಚಿಗೆಯಿಂದ ನೋಡಿದಳು. ನಾನು ಉಂಡಿಯ ಡಬ್ಬಿ ಮುಚ್ಚುತ್ತ ಸುಮ್ಮನಿದ್ದೆ. ಹದಿನೈದರಲ್ಲಿ ಹೆದರಿ ಸುಳ್ಳು ಹೇಳಿದ್ದೆ. ಮೂವತ್ತೇಳರಲ್ಲಿ ಯಾರ ಹೆದರಿಕೆ ಇತ್ತು?

ಇವತ್ತು ಬೆಳಿಗ್ಗೆ ಅಟ್ಟದ ಮೇಲಿನ ಹಳೆಯ ಟ್ರಂಕು ಇಳಿಸಿ, ತಳದ ಕಾಗದ ಎತ್ತಿ, ಫೋಟೋ ತಂದು ಅಪ್ಪನ ಕೈಗಿಟ್ಟೆ. ಸುಮಾ ಪಕ್ಕದಲ್ಲೇ ಇರಲಿ ಅಂತ ಕರೆದು ಕೂರಿಸಿದೆ. ಅಪ್ಪ ಚಷ್ಮಾ ಹಾಕಿಕೊಂಡು ಬೆಳಕಿಗೆ ಹಿಡಿದು ನೋಡಿದರು.

‘ನೀನೇ ಅಲ್ಲೇನು ಇದು? ಸೀರಿ ಯಾರದು?’

ಹೇಳಿದೆ. ಮೊದಲಿಂದ ಕೊನೆಯವರೆಗೆ, ಖಾಲಾ ಅಂದದ್ದನ್ನೂ ಬಿಡದೆ. ಸುಮಾ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಅಪ್ಪ ಫೋಟೋವನ್ನು ತೊಡೆಯ ಮೇಲೆ ಬೋರಲು ಹಾಕಿದರು. ‘ಇಂಥಾವರು ಅಂದಿದ್ದೆ ನಾ, ಆ ತಾಯಿ ಮುಂದ’ ಅಂದರು. ನಾನು ಬೈಗುಳಕ್ಕೆ ಕಾದೆ.

‘ಸಾವಕಾರ್ರ ಅಂಗಡಿ ಎಷ್ಟೊತ್ತಿಗಿ ತುಂಬತದ?’ ಅಂತ ಕೇಳಿದರು.

ಹಬ್ಬದ ದಿನಗಳಲ್ಲವೇ — ಹನ್ನೊಂದಕ್ಕೆ ಕಾಲಿಡಲು ಜಾಗ ಇರುವುದಿಲ್ಲ ಅಂದೆ. ಮೆಹರು ಅಷ್ಟೊತ್ತಿಗೆ ಅಲ್ಲೇ ಗಂಟು ಕಟ್ಟುತ್ತಿರುತ್ತಾಳೆ ಅಂತಲೂ ಹೇಳಿದೆ. ಅಪ್ಪ ಎದ್ದು, ಹೊರಗೆ ಹೋಗುವಾಗ ಹಿಡಿಯುವ ತಮ್ಮ ಕೋಲನ್ನು ಮೂಲೆಯಿಂದ ತೆಗೆದು ಬಾಗಿಲ ಹತ್ತಿರ ಒರಗಿಸಿಟ್ಟರು. ಹೊರಡಲು ಆಗ ಇನ್ನೂ ಒಂದು ತಾಸಿತ್ತು. ಆ ಒಂದು ತಾಸಿನಲ್ಲಿ ಇದನ್ನು ಬರೆದಿದ್ದೇನೆ, ಅಲ್ಲಿ ಹೋಗಿ ಮಾತು ಬದಲಿಸಬಾರದು ಅಂತ.

‘ನೀ ಒಳಗ ಹೋಗಿ ಹೇಳು’ ಅಂದಿದ್ದಾರೆ ಅಪ್ಪ. ‘ನಾ ಕಟ್ಟಿ ಮ್ಯಾಲ ಕುಂತಿರತೀನಿ.’