ನೆಲವನ್ನು ಎಣಿಸಬೇಕೋ ಬೇಡವೋ

ಕಟ್ಟಡದ ಮಹಡಿಗಳನ್ನು ಎಣಿಸುವುದು ಒಂದನೇ ತರಗತಿಯ ಲೆಕ್ಕವೆಂದು ನೀವು ತಿಳಿದಿದ್ದರೆ, ಓದುಗ ಮಹಾಶಯರೇ, ನೀವಿನ್ನೂ ಸುಖಿಗಳು. ಮಾನ್ವಿಯಲ್ಲಿ ನಾನು ಕೆಳಗಿನ ಮನೆಯಲ್ಲಿದ್ದೇನೆ. ಮೇಲಿನ ಮನೆಯಲ್ಲಿ ಬಾಡಿಗೆದಾರರಿದ್ದಾರೆ. ಅವರ ವಿಳಾಸದಲ್ಲಿ ‘ಮೊದಲನೇ ಮಹಡಿ’ ಎಂದಿರುವುದನ್ನು ಕಂಡಾಗಲೆಲ್ಲ ನನ್ನ ಸ್ವಾಭಿಮಾನ ಕೆರಳುತ್ತದೆ. ಅವರು ಒಂದಾದರೆ ಕೆಳಗಿರುವ ನಾನು ಏನು, ಸೊನ್ನೆಯೆ? ನಮ್ಮ ಭಾಷೆಯಾದರೂ ಈ ಉರಿಗೆ ತುಪ್ಪವನ್ನೇ ಸುರಿದಿದೆ: ಅಂತಸ್ತು ಎಂದರೆ ಕಟ್ಟಡದ ಮಜಲೂ ಹೌದು, ಮನುಷ್ಯನ ಯೋಗ್ಯತೆಯೂ ಹೌದು. ನೆಲದವನನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅವನಿಗೆ ಅಂತಸ್ತೇ ಇಲ್ಲವೆಂದಂತಾಗಲಿಲ್ಲವೆ? ಹೀಗೊಂದು ಸಮಾನತಾ ಸಿದ್ಧಾಂತವನ್ನು ಕಟ್ಟಿಕೊಂಡು, ಎಣಿಕೆಯನ್ನು ನೆಲದಿಂದಲೇ ಆರಂಭಿಸಬೇಕೆಂದು ಕಾಲೇಜಿನ ಚಹಾ ವಿರಾಮಗಳಲ್ಲಿ ವಾದಿಸುತ್ತ ಬಂದ ಕನ್ನಡ ಮೇಷ್ಟ್ರು ನಾನು. ಆ ಸಿದ್ಧಾಂತ ನನ್ನ ಅಕ್ಕನ ಮಗಳ ನೌಕರಿಗೇ ಸಂಚಕಾರ ತರುವುದರಲ್ಲಿತ್ತು.

ಅಕ್ಕ ತಾಯಮ್ಮ ಇರುವುದು ದೇವದುರ್ಗದ ಕಡೆಯ ಅರಕೇರಾದಲ್ಲಿ. ಅವಳಿಗೆ ಓದು ಬರಹವಿಲ್ಲ. ಮಗಳು ಸುಜಾತಾ ಮಾತ್ರ ನಮ್ಮ ಎರಡೂ ಮನೆಗಳ ಹುಡುಗಿಯರ ಪೈಕಿ ಮೊದಲ ಪದವೀಧರೆ, ಈಗ ಶಿಕ್ಷಕಿಯಾಗಿ ಆಯ್ಕೆಯಾದವಳು. ಉಳಿದದ್ದು ಊರು ಆರಿಸಿಕೊಳ್ಳುವ ಕೆಲಸ. ರಾಯಚೂರಿನಲ್ಲಿ, ಹನ್ನೊಂದು ಗಂಟೆಗೆ, ಇಂಥ ಕಟ್ಟಡದ ಮೂರನೇ ಮಹಡಿಗೆ ಬರಬೇಕು. ಹೆಸರು ಕೂಗಿದಾಗ ಇಲ್ಲದವರ ಸರದಿ ಕೊನೆಗೆ ಹೋಗುತ್ತದೆ ಎಂದು ಪತ್ರದಲ್ಲಿತ್ತು. ಕೊನೆಗೆ ಹೋದರೆ ಹತ್ತಿರದ ಊರುಗಳೆಲ್ಲ ಮುಗಿದು, ನಕಾಶೆಯಲ್ಲಿ ಹುಡುಕಬೇಕಾದ ಊರು ಪಾಲಿಗೆ ಬರುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು.

ಅವರಿಬ್ಬರ ಬಸ್ಸು ತಡವಾಗಿ ಬಂತು. ನಿಲ್ದಾಣದಲ್ಲಿ ಕಾದಿದ್ದ ನಾನು ಅವರನ್ನು ಆಟೋಗೆ ಹತ್ತಿಸಿಕೊಂಡು ಹೊರಟಾಗ ಹತ್ತೂವರೆ ದಾಟಿತ್ತು. ಕಟ್ಟಡದ ಮುಂದೆ ಇಳಿದ ಅಕ್ಕ ಸೆರಗನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತುಬಿಟ್ಟಳು. ಅವಳನ್ನು ಅವಸರಿಸಿ, ಲಿಫ್ಟು ಕೆಟ್ಟಿದ್ದರಿಂದ ಮೆಟ್ಟಿಲು ಹತ್ತಿಸಿದೆ. ನೆಲದ್ದು ಒಂದು, ಅದರ ಮೇಲಿನದು ಎರಡು, ಇದು ಮೂರು ಎಂದು ಘೋಷಿಸಿ, ಬೀಗ ಹಾಕಿದ್ದ ಬಾಗಿಲೊಂದರ ಮುಂದೆ ದಳಪತಿಯ ಗತ್ತಿನಲ್ಲಿ ನಿಂತೆ.

“ಮಾಮಾ, ಇಲ್ಲಿ ಯಾರೂ ಇಲ್ಲಲ್ಲ?” ಎಂದಳು ಸುಜಾತಾ.

“ಸರ್ಕಾರದ ಕೆಲಸವ್ವಾ, ಈಗ ಬರ್ತಾರ.”

ಹನ್ನೊಂದಕ್ಕೆ ಐದು ನಿಮಿಷವಿದ್ದರೂ ಯಾರೂ ಬರಲಿಲ್ಲ. ಹುಡುಗಿ ಫೈಲಿನಿಂದ ಪತ್ರ ತೆಗೆದು ಮತ್ತೆ ಮತ್ತೆ ಓದತೊಡಗಿದಳು. ಮೆಟ್ಟಿಲಲ್ಲಿ ಸಿಕ್ಕ ಕಾವಲುಗಾರನನ್ನು ಕೇಳಿದರೆ, “ಮೂರನೇದು ಕೆಳಗ ಬಿಟ್ಟು ಬಂದೀರಿ, ಸರ್. ಇದು ನಾಕನೇದು” ಎಂದ. ಆತ ಹಿಂದಿನ ಅಂಗಳದಡಿ ಅಗೆದ, ಗಾಡಿ ನಿಲ್ಲಿಸುವ ಜಾಗದಿಂದ ಎಣಿಸುವವನು! ನಾನು ನೆಲವಾದಿ, ಆತ ಪಾತಾಳವಾದಿ; ಇಬ್ಬರೂ ಅಲ್ಲೇ ಶಾಸ್ತ್ರಾರ್ಥಕ್ಕೆ ನಿಂತೆವು. ಸುಜಾತಾಳ ಕಣ್ಣಲ್ಲಿ ನೀರು ತುಂಬಿತ್ತು.

“ಲೇ ತಮ್ಮಾ, ಬಾಯಿ ಮುಚ್ಚು” ಎಂದಳು ಅಕ್ಕ. ಇಷ್ಟು ಹೊತ್ತೂ ಅವಳ ಅಭಿಪ್ರಾಯವನ್ನು ನಾವು ಕೇಳಿರಲೇ ಇಲ್ಲ. ಅವಳು ಕಾಲಿನಿಂದ ನೆಲವನ್ನೊಮ್ಮೆ ತಟ್ಟಿದಳು. “ಇದು ಎರಡನೇ ಸ್ಲ್ಯಾಬು. ಮೂರನೇದು ಮ್ಯಾಲ ಅದ. ನಡೀರಿ!”

“ನಿನಗ ಹೆಂಗ ಗೊತ್ತಬೇ?” ಎಂದಳು ಮಗಳು.

“ಈ ಕಟ್ಟಡಕ್ಕ ಮಾಲು ಹೊತ್ತಾಕಿ ನಾನು. ನನಗ ಗೊತ್ತಿರಲಾರದ ಮತ್ತ್ಯಾರಿಗೆ ಗೊತ್ತಿರ್ತದ? ಇಂಜಿನಿಯರ್ ಸಾಹೇಬ ಹಿಂಗ ಎಣಸ್ತಿದ್ದ. ಓಡು!”

ಓಡಿದೆವು. ಮೊಣಕಾಲು ನೋವೆಂದು ಬಸ್ಸಿನ ಮೆಟ್ಟಿಲಿಗೂ ಕೈಯಾಸರೆ ಕೇಳಿದ್ದ ಅಕ್ಕ ನನಗಿಂತ ನಾಲ್ಕು ಮೆಟ್ಟಿಲು ಮುಂದಿದ್ದಳು. ಮೇಲೆ ತಲುಪಿದಾಗ ಪಡಸಾಲೆ ತುಂಬ ಜನ! ಒಳಗಿನಿಂದ ಯಾರೋ ಸುಜಾತಾಳ ಹೆಸರು ಕೂಗುತ್ತಿದ್ದರು, ಅದೂ ಎರಡನೇ ಸಲ. “ಬಂದೀನ್ರೀ!” ಎಂದು ಕೂಗಿ ಉತ್ತರಿಸಿದವಳು ಮಗಳಲ್ಲ, ತಾಯಿ. ಜನ ನಕ್ಕು ದಾರಿ ಬಿಟ್ಟರು.

ಬಾಗಿಲು ಮುಚ್ಚಿದ ಮೇಲೆ ಗೋಡೆಗೊರಗಿ ಕುಳಿತ ಅಕ್ಕ, ಏದುಸಿರಿನ ನಡುವೆಯೇ ನನಗೆ ತಿಳಿಯದಿದ್ದ ಒಂದು ವರ್ಷದ ಕಥೆ ಹೇಳಿದಳು. ಮೈದುನನೊಂದಿಗೆ ರಾಯಚೂರಿಗೆ ಗೌಂಡಿ ಕೆಲಸಕ್ಕೆ ಬಂದಿದ್ದಳಂತೆ. ಸುಜಾತಾ ಆಗ ಎಂಟು ತಿಂಗಳ ಕೂಸು. ಕೆಳಗೆ ಎರಡು ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಮಲಗಿಸಿ, ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಹತ್ತುತ್ತಿದ್ದಳಂತೆ. “ಮೂರನೇ ಸ್ಲ್ಯಾಬಿಗೆ ಬರೂದರಾಗ ಇಕಿ ಅಳೂದು ಕೇಳತಿರಲಿಲ್ಲೋ. ಅದಕ್ಕ ಬಿರಬಿರ ಇಳೀತಿದ್ದೆ” ಎಂದಳು. ನಾನು ಆ ವರ್ಷ ಧಾರವಾಡದಲ್ಲಿ ಛಂದಸ್ಸಿನ ಮಾತ್ರೆಗಳನ್ನು ಎಣಿಸುತ್ತಿದ್ದೆ. ಮನೆಯಿಂದ ಬಂದ ಹಣ ಯಾವ ಕಟ್ಟಡದ್ದೆಂದು ಒಮ್ಮೆಯೂ ಕೇಳಿರಲಿಲ್ಲ.

ಬಾಗಿಲು ತೆರೆಯಿತು. “ಯವ್ವಾ, ಜಾಲಹಳ್ಳಿ ಸಿಕ್ತು! ಮನಿಯಿಂದನ ಬಸ್ಸಿನಾಗ ಹೋಗಿ ಬರಬಹುದು!” ಎಂದು ಕೂಗುತ್ತ ಬಂದ ಸುಜಾತಾ ತಾಯಿಯನ್ನು ಅಪ್ಪಿಕೊಂಡಳು. ಅಕ್ಕ ಆದೇಶಪತ್ರವನ್ನು ಹಿಂದುಮುಂದು ತಿರುಗಿಸಿ ನೋಡಿ, ಮೊಹರಿನ ಮೇಲೆ ಬೆರಳಾಡಿಸಿದಳು.

ಇಂಥ ಹೊತ್ತಿನಲ್ಲೂ ನನ್ನೊಳಗಿನ ತಾರ್ಕಿಕ ಸುಮ್ಮನಿರಬೇಡವೆ? “ಯಕ್ಕಾ, ಖರೇ ಹೇಳು, ನೆಲಾ ಯಾಕ ಎಣಸಬಾರದು?” ಎಂದು ಕೇಳಿಯೇಬಿಟ್ಟೆ.

“ನೆಲಾ ಮೊದಲ ಇತ್ತಲ್ಲೋ. ಅದನ್ನ ಯಾರು ಹೊತ್ತಾರ? ಹೊತ್ತಿದ್ದನ್ನ ಎಣಸಬೇಕು.”

ಅಕ್ಕ ಇಳಿಯುವ ಬದಲು ಮೇಲಿನ ಮೆಟ್ಟಿಲಿನತ್ತ ಹೊರಟಳು: “ಇನ್ನೊಂದು ಸ್ಲ್ಯಾಬು ಅದ. ನೋಡಿ ಬರೂಣು ಬರ್ರಿ.”

ಮಾಳಿಗೆಯ ಬಿಸಿಲಿನಲ್ಲಿ ಕೋಟೆಯ ಬೆಟ್ಟ, ಅಕ್ಕಿ ಗಿರಣಿಗಳ ಹೊಗೆಕೊಳವೆಗಳು, ರೈಲುಹಳಿ ಎಲ್ಲ ಒಟ್ಟಿಗೆ ಕಂಡವು. ಅಕ್ಕ ಮಗಳ ಕೈಹಿಡಿದು ನಟ್ಟನಡುವೆ ನಿಂತು, ಪಾದವನ್ನು ಬಲವಾಗಿ ಊರಿ, “ನಾಕು” ಎಂದಳು.

“ನಾಕು” ಎಂದೆ ನಾನೂ.