ನಾನಿದ್ದೀನಿ, ಹೊಡಿ

ಆ ಚೆಂಡನ್ನು ನೀರಿಗೆ ಹಾಕಿದ್ದು ಪವಿತ್ರ ಅಲ್ಲ — ನಾನು. ದೇಶದ ಮಹಿಳಾ ಗಾಲ್ಫ್ ತಂಡ ಪದಕ ಕಳೆದುಕೊಂಡದ್ದು ನನ್ನ ಮಾತಿನಿಂದ. ತಂಡದಿಂದ ಹೊರಗೆ ಹೋದವಳು ಅವಳು, ಕೋಚ್ ಎನ್ನಿಸಿಕೊಂಡು ಮೊನ್ನೆಯವರೆಗೂ ಉಳಿದವನು ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ.

ಪವಿತ್ರ ನಮ್ಮ ಮಾಗಡಿ ಕಡೆಯ ಹುಡುಗಿ, ಸಾವನದುರ್ಗದ ಹತ್ತಿರದ ಹಳ್ಳಿಯವಳು. ಅವಳಪ್ಪ ನರಸಿಂಹಯ್ಯ ಗಾಲ್ಫ್ ಮೈದಾನವೊಂದರಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ಓಡಿಸುತ್ತಾರೆ. ಕೆಲಸಗಾರರ ಮಕ್ಕಳನ್ನು ಅಲ್ಲಿ ಸಂಜೆ ಹೊತ್ತು ಆಡಲು ಬಿಡುತ್ತಿದ್ದರು. ನಾನು ಅವಳನ್ನು ಕಂಡದ್ದು ಹಾಗೆ. ನಾನೂ ಆ ಕಡೆಯವನೇ, ಸೋಲೂರಿನವನು. ಅವಳು ದೇಶದ ತಂಡಕ್ಕೆ ಬಂದಾಗ ಅಲ್ಲಿ ಕನ್ನಡ ಬರುತ್ತಿದ್ದವರು ನಾವಿಬ್ಬರೇ, ಉಳಿದವರೆಲ್ಲ ಉತ್ತರದವರು. ಊಟಕ್ಕೆ ಕೂತಾಗ ನಮ್ಮೂರ ಮಾತಾಡಿಕೊಂಡು ನಗುತ್ತಿದ್ದೆವು. ಮುಂದೆ ಅದೇ ಮಾತಿನ ಮರೆಯಲ್ಲಿ ನಾನು ಬಚ್ಚಿಟ್ಟುಕೊಳ್ಳುತ್ತೇನೆ ಎಂದು ಆಗ ಅವಳಿಗೇನು ಗೊತ್ತು?

ಹೊರದೇಶದಲ್ಲಿ ಪಂದ್ಯ. ಕೊನೆಯ ದಿನ, ಕೊನೆಯ ಹೋಲ್. ಮುಂದೆ ಕೆರೆ, ಅದರಾಚೆ ಚೆಂಡು ಬೀಳಬೇಕಾದ ಕುಳಿಯ ಬಾವುಟ. ಕಂಚು ನಮ್ಮ ಕೈಯಲ್ಲಿತ್ತು. ಕೆರೆಯ ಈಚೆಗೇ ಚೆಂಡು ನಿಲ್ಲಿಸಿ, ಮುಂದಿನ ಹೊಡೆತಕ್ಕೆ ದಾಟಿಸಿದ್ದರೆ ಸಾಕಿತ್ತು. ಪವಿತ್ರ ಹಾಗೇ ಮಾಡಲು ಚಿಕ್ಕ ಕೋಲು ತೆಗೆದುಕೊಂಡಿದ್ದಳು. ತಂಡದ ಪಂದ್ಯದಲ್ಲಿ ಕೋಚ್ ಪಕ್ಕದಲ್ಲಿ ನಿಂತು ಸಲಹೆ ಕೊಡಬಹುದು — ಕೊಟ್ಟೆ. ಒಂದು ಹೊಡೆತ ಉಳಿಸಿದರೆ ಬೆಳ್ಳಿ, ನನಗೆ ಆ ಬೆಳ್ಳಿ ಬೇಕಿತ್ತು. ದೇಶಕ್ಕಲ್ಲ, ನನಗೆ.

"ದೊಡ್ಡ ಕೋಲು ತಗೋ. ಒಂದೇ ಏಟಿಗೆ ದಾಟಿಸು."

"ದಾಟಾಕಿಲ್ಲ ಅನ್ಸುತ್ತೆ ಸಾರ್, ಗಾಳಿ ಎದುರೈತೆ."

"ನಾನಿದ್ದೀನಿ, ಹೊಡಿ ಕಣವ್ವ."

ಹೊಡೆದಳು. ಚೆಂಡು ಕೆರೆಗೆ ಬಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ; ನಾಲ್ಕನೆಯವರಾಗಿ ವಿಮಾನ ಹತ್ತಿದೆವು. ಸುತ್ತ ನಿಂತಿದ್ದವರಿಗೆ ನಾನು ಆಡಿದ ಕನ್ನಡ ಒಂದಕ್ಷರ ತಿಳಿದಿರಲಿಲ್ಲ. ಧೈರ್ಯ ತುಂಬುತ್ತಿದ್ದಾರೆ ಎಂದುಕೊಂಡಿದ್ದರಂತೆ!

ದೆಹಲಿಯಲ್ಲಿ ಗಾಲ್ಫ್ ಮಂಡಳಿಯ ವಿಚಾರಣೆ ನಡೆಯಿತು. ಗೆಲ್ಲುವ ಪದಕ ಹೇಗೆ ಹೋಯಿತು, ಆ ಹೊಡೆತ ಯಾರ ತೀರ್ಮಾನ ಎಂದು ಕೇಳಿದರು. ಅವಳು ಇಂಗ್ಲಿಷಿನಲ್ಲಿ ಪದ ಹುಡುಕುತ್ತಿದ್ದಳು... ನಾನು ಕಾಯಲಿಲ್ಲ. "ನಿಲ್ಲಿಸಿ ಆಡು ಎಂದೆ, ಅವಳೇ ಆತುರಪಟ್ಟಳು" ಎಂದುಬಿಟ್ಟೆ. ಅವಳು ನನ್ನ ಮುಖ ನೋಡಿದಳು. ನಾನು ನೀರಿನ ಲೋಟ ನೋಡಿದೆ. ಹೌದೇನಮ್ಮ ಎಂದು ಅಧ್ಯಕ್ಷರು ಕೇಳಿದ್ದಕ್ಕೆ "ಯೆಸ್ ಸರ್" ಎಂದಳು. ಕಲಿಸಿದವನನ್ನು ನಾಲ್ಕು ಜನರ ಮುಂದೆ ಸುಳ್ಳುಗಾರ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು — ಅದೇ ಧೈರ್ಯದ ಮೇಲೆಯೇ ಆ ಮಾತಾಡಿದ್ದು.

ತಂಡವನ್ನು ಹೊಸದಾಗಿ ಕಟ್ಟಿ ಎಂದರು. ಕಟ್ಟಿದೆ. ಶಿಸ್ತಿನ ತಂಡವಂತೆ! ಮೊದಲು ಪವಿತ್ರಳನ್ನು ಕೈಬಿಟ್ಟೆ. ಅಂಕಿಅಂಶದವರು ಬಂದರು, ಮನಸ್ಸಿನ ತಜ್ಞರು ಬಂದರು, ಶಿಬಿರದ ಮೇಲೆ ಶಿಬಿರ. ಸೋತೆವು. ಮತ್ತೆ ಕಟ್ಟಿದೆವು, ಮತ್ತೆ ಸೋತೆವು. ರೋಗ ಒಂದು, ಮದ್ದು ಇನ್ನೊಂದು. ಹುಡುಗಿಯರ ದುಡುಕೇ ರೋಗ ಎಂದು ಬರೆದುಕೊಟ್ಟವನು ನಾನೇ ತಾನೆ, ಇನ್ನು ಯಾರ ಮೇಲೆ ರೇಗಲಿ? ರೇಗಿದೆ ಮಾತ್ರ ಎಲ್ಲರ ಮೇಲೂ.

ಈ ವರ್ಷವೂ ಅದೇ ಪಾಡು. ಹೊಡೆಯಲೇಬೇಕಾದ ಹೊತ್ತಿನಲ್ಲಿ ನಮ್ಮ ಹುಡುಗಿಯೊಬ್ಬಳು ನನ್ನ ಕಡೆ ತಿರುಗಿ ತಿರುಗಿ ನೋಡಿ, ಕೊನೆಗೆ ಚೆಂಡನ್ನು ಹತ್ತಿರದಲ್ಲೇ ನಿಲ್ಲಿಸಿದಳು. ಸೋತ ಮೇಲೆ ಯಾಕೆ ಹೊಡೆಯಲಿಲ್ಲ ಎಂದು ಕೂಗಾಡಿದೆ. ಹೊಡೆದವಳನ್ನು ನೀವೇ ತೆಗೆದುಹಾಕಿದಿರಲ್ಲ ಸರ್, ಎಂದಳು.

ಆಮೇಲೆ ಪವಿತ್ರಳನ್ನು ಹುಡುಕಿಕೊಂಡು ಅವಳ ಮನೆಗೆ ಹೋದೆ. ಈಗ ಅವಳು ಮಾಗಡಿಯ ಒಂದು ಶಾಲೆಯಲ್ಲಿ ಪಿಟಿ ಮೇಡಂ. ಮತ್ತೆ ತಂಡ ಕಟ್ಟುತ್ತಿದ್ದೇವೆ, ಆಯ್ಕೆಯ ಶಿಬಿರಕ್ಕೆ ಬಾ ಎಂದು ಕರೆದೆ. ಎಲ್ಲವನ್ನೂ ಒಪ್ಪಿಕೊಳ್ಳಬೇಕು ಎಂದೇ ಹೋದವನು — ಕರೆದದ್ದಷ್ಟೇ ಆಯಿತು. ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ನರಸಿಂಹಯ್ಯ ನನ್ನನ್ನು ಕಂಡು, ಹೆಗಲ ಟವೆಲ್ ತೆಗೆದು ಕೈಮುಗಿದರು.

"ನಮ್ ಮಗಿ ಆವತ್ತು ನಿಮ್ ಮಾತು ಮೀರ್ಬುಟ್ಟಳು ಸಾ. ಮನೆಗ್ ಬಂದ್ಮೇಲೆ ನಾನು ಬೈದಿದ್ದು ಅಷ್ಟಿಷ್ಟಲ್ಲ. ಅವಳ ಪರವಾಗಿ ನಾನ್ ಕ್ಷಮೆ ಕೇಳ್ಕತೀನಿ. ಆದ್ರೂ ಮನೆಗಂಟ ಬಂದು ಕರೀತಾ ಇದೀರಲ್ಲ, ದೊಡ್ಡ್ ಮನಸ್ಸು ನಿಮ್ದು."

ಕಾಫಿ ತಂದ ಪವಿತ್ರ ಬಾಗಿಲಲ್ಲೇ ನಿಂತಿದ್ದಳು. ನಾನು ಏನು ಹೇಳಿದೆ ಗೊತ್ತೇ? "ಇರಲಿ ಬಿಡಿ, ಚಿಕ್ಕವಳು. ಆಗಿದ್ದು ಆಯ್ತು." ಕ್ಷಮಿಸಿಬಿಟ್ಟೆ! ಆ ಕಾಫಿಯನ್ನೂ ಕುಡಿದೆ.

ಕಾರಿನ ತನಕ ಅವಳೊಬ್ಬಳೇ ಬಂದಳು.

"ನಾನ್ ಬರಾಕಿಲ್ಲ ಸಾರ್. ಡೆಲ್ಲಿನಾಗೆ ನೀವಂದಿದ್ದು ಹೋಗ್ಲಿ, ಕೆಲ್ಸದ್ ಭಯ ಯಾರಿಗಿಲ್ಲ ಅನ್ಕೊಂಡು ಸುಮ್ಕಾದೆ. ಇವತ್ತು ನಮ್ಮಪ್ಪ ಕೈ ಮುಗುದ್ರಲ್ಲ... ಅದನ್ನಾದ್ರೂ ತಡೀಬೋದಾಗಿತ್ತು."

ನಾನು ಕಾರು ಹತ್ತಿದೆ. ಹತ್ತಬಾರದಿತ್ತು. ಐದಾರು ಹೆಜ್ಜೆ ಹಿಂದಕ್ಕೆ ನಡೆದು ಆ ಮನುಷ್ಯನ ಮುಂದೆ ನಿಂತಿದ್ದರೆ — ಇಲ್ಲ, ನಡೆಯಲಿಲ್ಲ.

ಹಳೆಯದಕ್ಕೆ ಪದಕದಾಸೆ, ಭಯ ಎಂದು ಏನಾದರೂ ಹೆಸರು ಕೊಡಬಹುದಿತ್ತೋ ಏನೋ. ಮೊನ್ನೆಯದಕ್ಕೆ ಯಾವ ಹೆಸರೂ ಸಿಗುತ್ತಿಲ್ಲ. ನನ್ನಿಂದ ಕಿತ್ತುಕೊಳ್ಳುವವರು ಅಲ್ಲಿ ಯಾರಿದ್ದರು? ಬೈಯುವವರು ಯಾರಿದ್ದರು? ಒಬ್ಬ ತಂದೆ, ಒಬ್ಬ ಮಗಳು.

ಮಂಡಳಿಗೆ ನಡೆದದ್ದನ್ನೆಲ್ಲ ತಿಳಿಸಿದ್ದೇನೆ. ತಂಡವನ್ನು ಇನ್ನು ಬೇರೆಯವರು ಕಟ್ಟಲಿ. ಪವಿತ್ರಳನ್ನು ಬಾ ಎಂದು ಕೇಳುವ ಹಕ್ಕು ನನಗಿಲ್ಲ, ಕೇಳುವುದೂ ಇಲ್ಲ. ಆದರೆ ನಾಳೆ ಅವರ ಮನೆಗೆ ಮತ್ತೆ ಹೋಗುತ್ತೇನೆ. ಕಾಫಿಗೆ ಕೂರುವುದಿಲ್ಲ. ಅವರು ನಮಸ್ಕಾರ ಎನ್ನುವ ಮೊದಲೇ ಹೇಳಬೇಕಾದ ಮಾತು ಒಂದಿದೆ — ನರಸಿಂಹಯ್ಯನೋರೆ, ನಿಮ್ಮ ಮಗಳು ನನ್ನ ಮಾತು ಮೀರಲಿಲ್ಲ. ಕೇಳಿದಳು.