ಸಗಣಿ ಬಳಿದ ಬೇವಿನ ಸಸಿ

ಆಗ ನನಗ ನಲವತ್ತು, ಇದು ನಲವತ್ತು ವರ್ಷದ ಹಿಂದಿನ ಮಾತು. ನಮ್ಮ ಹೆಣ್ಮಕ್ಕಳ ಸಂಘ ಸರ್ಕಾರದ ಅನುದಾನದಾಗ ನಮ್ಮೂರು ಗೂಗಲ್‌ದ ಹೊಳಿ ದಂಡಿಗೆ ಬೇವಿನ ಸಸಿ ಹಚ್ಚಿತ್ತು. ಅವು ಬದುಕಿದ್ದರಷ್ಟೇ ಉಳಿದರ್ಧ ಅನುದಾನ ಬರೋದು. ನೋಡಾಕ ದೇವದುರ್ಗದಿಂದ ಬಂದ ಸಾಹೇಬರು ಜೀಪು ಇಳಿದವರೇ ಕೂಗಿದರು: "ಯವ್ವಾ, ಎಲ್ಲಾ ಒಣಗಿಸಿಬಿಟ್ಟೀರಲ್ಲ!"

"ಒಣಗಿಲ್ರೀ, ಅದು ಸಗಣಿ. ಬಳಿದರ ಆಡು ಮೂಸಿನೂ ನೋಡಂಗಿಲ್ಲ. ಆಡು ಕಾಯೋ ಮಂದಿ ನಾವು, ನಮಗ ಗೊತ್ತಿಲ್ಲೇನು?" ಅಂದೆ.

ಸಾಹೇಬರು ಹೆಬ್ಬೆರಳಿಂದ ಒಂದು ಎಲಿ ಒರಸಿದರು. ಹಸಿರು! ಇನ್ನೊಂದಕ್ಕ ಓಡಿದರು. ಅದೂ ಹಸಿರು! ಸಾಲಿಗೆ ಸಾಲೇ ಒರಸಿಕೋತ ಓಡಿದರು, ಹಿಂದ ನಾವೆಲ್ಲ ಕೇಕೆ ಹಾಕಿಕೋತ ಓಡಿದಿವಿ. ಜೀಪಿನ ಮ್ಯಾಲೇ ಕಾಗದ ಇಟ್ಟು ಸಹಿ ಮಾಡಿದರು.

ಮರುದಿನ ಮುಂಜಾನೆ ಬಕೀಟು ತುಂಬ ಸಗಣಿ ಕಲಸಿದೆ. ಸಾಹೇಬರು ಒರಸಿದ ಎಲಿಗೆಲ್ಲಾ ಮತ್ತ ಬಳಿದೆ.